ಹತ್ತು ಗಂಟೆಯ ಶಾಲೆಗೆ ಎಂಟೂಕಾಲರ ಬಸ್ಸು



ಒಂದು ಭಾನುವಾರ ಕನ್ನಡ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರುತ್ತಿದ್ದಂತೆ ಡೊಂಬಿವಲಿಯಿಂದ ಕೇಳುಗರೊಬ್ಬರ ಫೋನು ಬಂತು. ಹಾಡಿನ ಕೋರಿಕೆ ಇರಬೇಕು ಅಂದುಕೊಂಡೆ. ಅಲ್ಲ. ಅವರು ಇಲ್ಲಿ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವವರು. ಊರು ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನಲ್ಲಿ. ಹೆಂಡತಿ, ಎರಡು ಮಕ್ಕಳು ಅಲ್ಲೇ ತೋಟದ ವಸ್ತಿಯಲ್ಲಿದ್ದಾರೆ. ಮಕ್ಕಳು ಹೋಗುವುದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ. ಅಲ್ಲಿ ಒಟ್ಟು ಮಕ್ಕಳ ಸಂಖ್ಯೆ ಇಪ್ಪತ್ತೂ ಇಲ್ಲ.

“ನಮ್ಮ ಸಾಲಿ ಮುಚ್ಚಿ ದೊಡ್ಡ ಸಾಲಿಗೆ ಸೇರಸ್ತಾರಂತ ಊರಾಗ ಮಾತು ನಡದೈತ್ರಿ. ಬಸ್ಸು ಕೊಡ್ತಾರಂತ. ಒಪ್ಪಬೇಕೋ ಬ್ಯಾಡೋ ಹೇಳ್ರಿ” ಎಂದರು. ರೇಡಿಯೋದಲ್ಲಿ ಮಾತಾಡುವವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಕೇಳುಗರಲ್ಲಿ ಇನ್ನೂ ಉಳಿದಿದೆ. ನನಗೆ ಗೊತ್ತಿರಲಿಲ್ಲ. ಒಂದು ವಾರ ಸಮಯ ಕೇಳಿದೆ. ಆ ವಾರ ಓದಿದ್ದು, ವಿಚಾರಿಸಿದ್ದು ಎಲ್ಲ ಸೇರಿ ಈ ಸಂಚಿಕೆಯ ಲೇಖನವಾಗಿದೆ. ಊರಲ್ಲಿ ಮಕ್ಕಳನ್ನು ಬಿಟ್ಟು ಪಟ್ಟಣದಲ್ಲಿ ದುಡಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇದು ಅವರೆಲ್ಲರ ಪ್ರಶ್ನೆಯೂ ಹೌದು.

ಅವರ ಊರಿನ ಮಾತಿಗೆ ಹಿನ್ನೆಲೆ ಇದೆ. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಶಿಕ್ಷಣ ಇಲಾಖೆ, 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಕೂಡಿಸಿ ಸಮೂಹ ಶಾಲೆಗಳನ್ನು ಮಾಡುವ ಬಗ್ಗೆ ಪ್ರಸ್ತಾವನೆ ಕಳುಹಿಸಿ ಎಂದು ಜಿಲ್ಲೆಗಳನ್ನು ಕೇಳಿತು. ಆಗ ರಾಜ್ಯದಲ್ಲಿ ಅಂಥ ಶಾಲೆಗಳು 14 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಓದುತ್ತಿದ್ದ ಮಕ್ಕಳು 1 ಲಕ್ಷ 80 ಸಾವಿರಕ್ಕೂ ಮೇಲೆ. ಇಲಾಖೆ ಮುಂದಿಟ್ಟ ಮಾದರಿಗಳು ಎರಡು: ಪುಣೆ ಜಿಲ್ಲೆಯ ಪಾನಶೇತ್ ಮತ್ತು ನಂದುರಬಾರ್ ಜಿಲ್ಲೆಯ ತೋರಣಮಾಳ. ಪಾನಶೇತ್‌ನಲ್ಲಿ ಅಣೆಕಟ್ಟಿನ ಹಿನ್ನೀರಿನ ಸುತ್ತ ಚದುರಿಹೋದ ಹಳ್ಳಿಗಳ ಮಕ್ಕಳನ್ನು ಬಸ್ಸಿನಲ್ಲಿ ಒಂದು ದೊಡ್ಡ ಶಾಲೆಗೆ ಕರೆತರುತ್ತಾರೆ. ಪತ್ರ ಹೊರಬಿದ್ದೊಡನೆ ಶಿಕ್ಷಕರು, ಪೋಷಕರು, ಸಂಘಟನೆಗಳಿಂದ ವಿರೋಧವೂ ಬಂತು. ಕರ್ನಾಟಕದಲ್ಲೂ 2025-26ರ ಬಜೆಟ್ಟಿನಲ್ಲಿ ಹೊಸದಾಗಿ 500 ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಘೋಷಿಸಿದ ಮೇಲೆ, ಸುತ್ತಲಿನ ಚಿಕ್ಕ ಶಾಲೆಗಳ ಗತಿ ಏನು ಎಂಬ ಚರ್ಚೆ ಜೋರಾಯಿತು.

ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಒಬ್ಬರೇ ಮಾಸ್ತರು ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವಲ್ಲಿ ಯಾರಿಗೂ ಪೂರ್ತಿ ಪಾಠ ಸಿಗುವುದಿಲ್ಲ. ಮಾಸ್ತರು ರಜೆ ಹಾಕಿದರೆ ಶಾಲೆಗೇ ರಜೆ. ಆದರೆ ಆರು ವರ್ಷದ ಮಗು ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಲೆ ಇರುವುದು ಏನು ಎಂದು, ಅದು ಇಲ್ಲದ ಊರಿನವರನ್ನು ಕೇಳಬೇಕು. ಈ ಎರಡರ ನಡುವೆ ಸೇತುವೆಯಾಗಿ ನಿಲ್ಲಬೇಕಾದದ್ದು ಬಸ್ಸು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬಸ್ಸು ಕೊಡುತ್ತಾರೋ ಇಲ್ಲವೋ ಎಂಬುದಷ್ಟೇ ಅಲ್ಲ. ಎಂಥ ಬಸ್ಸು, ಎಷ್ಟು ಹೊತ್ತಿಗೆ, ಎಷ್ಟು ವರ್ಷ, ಯಾರ ದುಡ್ಡಿನಲ್ಲಿ ಎಂಬುದೆಲ್ಲ ಸೇರುತ್ತದೆ.

ಸರ್ಕಾರಿ ದುಡ್ಡಿನ ಶಾಲಾ ಬಸ್ಸು ಬೆಳೆದು ದೊಡ್ಡದಾದದ್ದೇ ಶಾಲೆಗಳನ್ನು ಮುಚ್ಚಿದ್ದರಿಂದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1869ರಲ್ಲೇ, ಮಕ್ಕಳನ್ನು ಶಾಲೆಗೆ ಸಾಗಿಸಲು ಊರಿನ ತೆರಿಗೆ ಹಣ ಬಳಸಬಹುದು ಎಂದು ಕಾನೂನು ಮಾಡಿತು. ಅಲ್ಲಿನ ಹಳ್ಳಿಗಾಡಿನಲ್ಲಿ ಆಗ ಇದ್ದದ್ದೂ ಒಂದೇ ಕೋಣೆಯ, ಒಬ್ಬರೇ ಉಪಾಧ್ಯಾಯರ ಶಾಲೆಗಳು. ಅವುಗಳನ್ನು ಕೂಡಿಸಿ ದೊಡ್ಡ ಶಾಲೆ ಕಟ್ಟಿದಂತೆಲ್ಲ ಮಕ್ಕಳನ್ನು ಹೊತ್ತು ತರುವ ಕೆಲಸ ಬೆಳೆಯಿತು. ಮೊದಲು ಕುದುರೆಗಾಡಿ, ಆಮೇಲೆ ಲಾರಿ, ಕೈಗೆ ಸಿಕ್ಕ ಬಂಡಿ. 1937ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಪ್ರೊಫೆಸರ್ ಫ್ರಾಂಕ್ ಸೈರ್ ದೇಶದ ಶಾಲಾ ವಾಹನಗಳ ಅಧ್ಯಯನಕ್ಕೆ ಹೊರಟಾಗ, ಒಂದು ಕಡೆ ಮಕ್ಕಳು ಗೋಧಿ ಸಾಗಿಸುವ ಗಾಡಿಯಲ್ಲಿ ಶಾಲೆಗೆ ಹೋಗುತ್ತಿದ್ದರಂತೆ. 1939ರ ಏಪ್ರಿಲ್‌ನಲ್ಲಿ ಅವರು ಎಲ್ಲ ರಾಜ್ಯಗಳ ಅಧಿಕಾರಿಗಳನ್ನೂ ಬಸ್ಸು ತಯಾರಕರನ್ನೂ ಒಂದೆಡೆ ಕೂಡಿಸಿದರು. ಆ ಸಭೆಯಲ್ಲಿ 44 ನಿಯಮಗಳು ಒಪ್ಪಿಗೆಯಾದವು. ಬಸ್ಸಿನ ಎತ್ತರ, ನಡುವಿನ ದಾರಿಯ ಅಗಲ ಎಲ್ಲ ಅದರಲ್ಲಿ ಬಂತು. ಇಂದು ಜಗತ್ತಿಗೆಲ್ಲ ಪರಿಚಿತವಾದ ಆ ಹಳದಿ ಬಣ್ಣವನ್ನೂ ಅಲ್ಲೇ ಆರಿಸಿದರು. ಮುಂಜಾನೆ, ಮುಸ್ಸಂಜೆಯ ಮಬ್ಬಿನಲ್ಲಿ ಥಟ್ಟನೆ ಕಾಣುವ ಬಣ್ಣ, ಅದರ ಮೇಲಿನ ಕಪ್ಪು ಅಕ್ಷರವೂ ಸ್ಪಷ್ಟ ಎಂಬ ಕಾರಣಕ್ಕೆ.

ಅಲ್ಲಿ ಬಸ್ಸು ಶಾಲಾ ಬಜೆಟ್ಟಿನ ಕಾಯಂ ಬಾಬ್ತಾಯಿತು. ನಮ್ಮಲ್ಲಿ ಏನಾಗಿದೆ ನೋಡೋಣ.

ಕಾನೂನಿನಲ್ಲಿ ನಾವು ಹಿಂದೆ ಬಿದ್ದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅಡಿ ಕೇಂದ್ರ ಸರ್ಕಾರ ರೂಪಿಸಿದ ನಿಯಮಗಳ ಪ್ರಕಾರ 1ರಿಂದ 5ನೇ ತರಗತಿಯ ಶಾಲೆ ಮನೆಯಿಂದ 1 ಕಿಲೋಮೀಟರ್ ನಡಿಗೆಯ ಒಳಗೆ, 6ರಿಂದ 8ರದ್ದು 3 ಕಿಲೋಮೀಟರ್ ಒಳಗೆ ಇರಬೇಕು. ಅಷ್ಟು ಹತ್ತಿರ ಶಾಲೆ ಇಲ್ಲದ ಚಿಕ್ಕ ವಸ್ತಿಗಳ ಮಕ್ಕಳಿಗೆ ಉಚಿತ ವಾಹನ ಅಥವಾ ವಸತಿಯಂಥ ಏರ್ಪಾಡು ಮಾಡಬೇಕು. ಅಂಗವಿಕಲ ಮಕ್ಕಳಿಗೆ ಸುರಕ್ಷಿತ ವಾಹನದ ವ್ಯವಸ್ಥೆಯೂ ಇದರಲ್ಲಿದೆ. ಆದರೆ ಈ ಕಾಯ್ದೆ 14 ವರ್ಷದವರೆಗೆ ಮಾತ್ರ. ಹೈಸ್ಕೂಲು ನಿಜಕ್ಕೂ ದೂರವಾಗುವುದು ಅದರ ಮೇಲೆಯೇ, ಹೆಣ್ಣುಮಕ್ಕಳು ಶಾಲೆ ಬಿಡುವುದೂ ಹೆಚ್ಚಾಗಿ ಅಲ್ಲೇ.

ಇನ್ನು ದುಡ್ಡು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ದೂರದ ವಸ್ತಿಯ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಭತ್ಯೆ ಕೊಡಲು ಅವಕಾಶವಿದೆ. ವರ್ಷಕ್ಕೆ 220 ದಿನ ಶಾಲೆ ಎಂದುಕೊಂಡರೆ ದಿನಕ್ಕೆ 27 ರೂಪಾಯಿ ಚಿಲ್ಲರೆ, ಹೋಗಿಬರುವುದು ಎರಡಕ್ಕೂ ಸೇರಿ. ಈಗಾಗಲೇ ಟಂಟಂ, ಜೀಪು ಓಡಾಡುವ ರಸ್ತೆಯಲ್ಲಿ ಇದು ಸಾಕಾದೀತು. ಯಾವ ಗಾಡಿಯೂ ಹೋಗದ ವಸ್ತಿಗೆ ಈ ದುಡ್ಡು ಹೊಸ ಗಾಡಿಯನ್ನು ತರಲಾರದು.

ಒಂದು ಲೆಕ್ಕ ಹಾಕಿ ನೋಡಿದೆ. ಇದು ನನ್ನ ಅಂದಾಜು, ದರಗಳು ಊರಿಂದ ಊರಿಗೆ ಬದಲಾಗುತ್ತವೆ. ನಲವತ್ತು ಸೀಟಿನ ಒಂದು ಬಸ್ಸು, ಕೊನೆಯ ಹಳ್ಳಿ 12 ಕಿಲೋಮೀಟರ್ ದೂರ. ಬೆಳಿಗ್ಗೆ ಒಮ್ಮೆ ಹೋಗಿಬಂದು, ಸಂಜೆ ಒಮ್ಮೆ ಹೋಗಿಬಂದರೆ ದಿನಕ್ಕೆ ಹತ್ತಿರ ಹತ್ತಿರ 50 ಕಿಲೋಮೀಟರ್. ಲೀಟರಿಗೆ 5 ಕಿಲೋಮೀಟರ್, ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 2 ಲಕ್ಷ ರೂಪಾಯಿ ಡೀಸೆಲ್. ಡ್ರೈವರಿಗೆ ತಿಂಗಳಿಗೆ 20 ಸಾವಿರ, ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾಗೆ 10 ಸಾವಿರ, ಅಲ್ಲಿಗೆ 3 ಲಕ್ಷ 60 ಸಾವಿರ. ವಿಮೆ, ಟೈರು, ರಿಪೇರಿಗೆ 1 ಲಕ್ಷ. ಒಟ್ಟು 6 ಲಕ್ಷ 60 ಸಾವಿರ. ಬಸ್ಸಿನ ಬೆಲೆ ಇದರಲ್ಲಿ ಸೇರಿಲ್ಲ. ಮಗುವಿಗೆ ವರ್ಷಕ್ಕೆ ಹದಿನಾರೂವರೆ ಸಾವಿರ ಬಿತ್ತು. ನಲವತ್ತು ಮಕ್ಕಳ ಭತ್ಯೆ ಪೂರ್ತಿ ಒಟ್ಟುಮಾಡಿದರೂ 2 ಲಕ್ಷ 40 ಸಾವಿರ, ಡ್ರೈವರ್ ಸಂಬಳಕ್ಕೆ ಸರಿಹೋಯಿತು. ಗಾಡಿ ಡೀಸೆಲ್ ಕೇಳದೆ ಓಡಬೇಕು.

ಶಾಸಕರ ನಿಧಿಯಿಂದಲೋ ದಾನಿಗಳಿಂದಲೋ ಬಂದ ಶಾಲಾ ಬಸ್ಸುಗಳು ಎಡವುವುದು ಇಲ್ಲೇ. ಕೇರಳದಲ್ಲಿ ಶಾಸಕರ ನಿಧಿಯಿಂದ ಸರ್ಕಾರಿ ಶಾಲೆಗಳಿಗೆ ಬಸ್ಸು ಕೊಡಿಸುವುದು ಮಾಮೂಲಿ. ಕರ್ನಾಟಕದ ಕರಾವಳಿಯಲ್ಲಿ ಹಳೆಯ ವಿದ್ಯಾರ್ಥಿಗಳೇ ಸೇರಿ ಶಾಲೆಗೆ ವಾಹನ ಮಾಡಿಕೊಟ್ಟ ಉದಾಹರಣೆಗಳಿವೆ, ಅದರಲ್ಲಿ ಮುಂಬಯಿಯವರ ಪಾಲೂ ಇರುತ್ತದೆ. ಒಳ್ಳೆಯ ಕೆಲಸವೇ. ಆದರೆ ಬಸ್ಸು ಕೊಳ್ಳುವುದು ಒಂದು ಸಲದ ಖರ್ಚು. ಹಾರ ಹಾಕಿ, ತೆಂಗಿನಕಾಯಿ ಒಡೆದು, ಫೋಟೋ ತೆಗೆಸಿಕೊಂಡರೆ ಮುಗಿಯಿತು. ಡೀಸೆಲ್, ಸಂಬಳ ಪ್ರತಿ ತಿಂಗಳೂ ಬರುವ ಖರ್ಚು. ಅದನ್ನು ಶಿಕ್ಷಕ-ರಕ್ಷಕ ಸಂಘ ಚಂದಾ ಎತ್ತಿ ತೂಗಿಸಬೇಕು. ಹೀಗೆ ನಿಂತುಹೋದ ಬಸ್ಸೊಂದು ಶಾಲೆಯ ಹಿಂದೆ ಬೇಲಿಗೆ ಒರಗಿ, ಟೈರಿನ ಗಾಳಿ ಇಳಿದು ಕೂತಿದ್ದನ್ನು ನಾನೇ ಕಂಡಿದ್ದೇನೆ. ಅದರ ಬದಿಯಲ್ಲಿ ಬಣ್ಣದಲ್ಲಿ ಬರೆಸಿದ ದಾನಿಯ ಹೆಸರು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಹಾಗಾದರೆ ಇರುವ ಸರ್ಕಾರಿ ಬಸ್ಸುಗಳಲ್ಲೇ ಮಕ್ಕಳು ಹೋಗಬಾರದೇ? ಹೋಗುತ್ತಲೇ ಇದ್ದಾರೆ. ಬಹುತೇಕ ರಾಜ್ಯಗಳು ಆರಿಸಿಕೊಂಡ ದಾರಿಯೇ ಪಾಸು. ತಮಿಳುನಾಡಿನಲ್ಲಿ ಶಾಲಾ ಮಕ್ಕಳಿಗೆ ಉಚಿತ ಪಾಸಿದೆ, ಕರ್ನಾಟಕದಲ್ಲಿ ರಿಯಾಯಿತಿ ಪಾಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯೂ ಇಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ತೆಲಂಗಾಣದಲ್ಲೂ ಅಂಥದೇ ಯೋಜನೆ ಬಂತು. ಇವೆಲ್ಲ ಟಿಕೆಟ್ಟಿನ ಸಮಸ್ಯೆಗೆ ಉತ್ತರ. ಹಳ್ಳಿಯ ವಿದ್ಯಾರ್ಥಿಯ ಕಷ್ಟ ಅರ್ಧ ಟಿಕೆಟ್ಟಿನದ್ದಾದರೆ ಇನ್ನರ್ಧ ಹೊತ್ತಿನದು.

ಇಲ್ಲಿ ಸ್ವಲ್ಪ ನನ್ನ ಕತೆ. ನನ್ನ ಹೈಸ್ಕೂಲು ಊರಿಂದ 9 ಕಿಲೋಮೀಟರ್. ಶಾಲೆ 10 ಗಂಟೆಗೆ, ಬಸ್ಸು ಎಂಟೂಕಾಲಕ್ಕೆ. ಅದು ಬಿಟ್ಟರೆ ಮುಂದಿನದು ಹನ್ನೊಂದಕ್ಕೆ. ಎಂಟೂಕಾಲರದು ಹಿಂದಿನ ಊರುಗಳಿಂದಲೇ ತುಂಬಿ ಬರುತ್ತಿತ್ತು. ಸ್ಟಾಪಿನಲ್ಲಿ ನಾವು ಹದಿನೈದು ಜನ ಪಾಸು ಹಿಡಿದು ನಿಂತಿದ್ದನ್ನು ಕಂಡರೆ ಡ್ರೈವರು ಇನ್ನೂರು ಅಡಿ ಮುಂದೆ ಹೋಗಿ ನಿಲ್ಲಿಸುತ್ತಿದ್ದ. ಓಡಿ ಹತ್ತಿದವರಿಗೆ ಜಾಗ. ಲಂಗದಾವಣಿಯಲ್ಲಿ ಓಡಲಾರದ ಹುಡುಗಿಯರಿಗೆ ನಡಿಗೆ, ಇಲ್ಲವೇ ಮನೆ. ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ನಮ್ಮೂರಿನ ನಾಲ್ಕು ಹುಡುಗಿಯರಲ್ಲಿ ಒಬ್ಬಳೇ ಉಳಿದಳು. ಉಳಿದ ಮೂವರಲ್ಲಿ ಯಾರಿಗೂ ಪಾಸಿನ ತೊಂದರೆ ಇರಲಿಲ್ಲ. ಊರ ಕಡೆ ವಿದ್ಯಾರ್ಥಿಗಳು ಬಸ್ಸು ತಡೆದು ಕೂತರು ಎಂಬ ಸುದ್ದಿಯನ್ನು ಇಂದೂ ಓದುತ್ತಿರುತ್ತೇವೆ. ಅವರ ಬೇಡಿಕೆ ಸಾಮಾನ್ಯವಾಗಿ ಇಷ್ಟೇ: ಬೆಳಿಗ್ಗೆ ಶಾಲೆ ಹೊತ್ತಿಗೆ ಒಂದು, ಸಂಜೆ ಬಿಡುವ ಹೊತ್ತಿಗೆ ಒಂದು.

ಬಸ್ಸಿಗೆ ಬದಲು ಸೈಕಲ್ಲು ಎಂಬ ಉತ್ತರವೂ ಇದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಬಿಹಾರದಲ್ಲಿ 2006ರಲ್ಲಿ ಶುರುವಾದ ಹುಡುಗಿಯರ ಸೈಕಲ್ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು ನೋಡಿದರು. ವಯಸ್ಸಿಗೆ ಸರಿಯಾಗಿ ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು. ಹುಡುಗ-ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ತಗ್ಗಿತ್ತು. ಹೆಚ್ಚಿನ ಲಾಭ ಆದದ್ದು ಶಾಲೆ 3 ಕಿಲೋಮೀಟರ್‌ಗಿಂತ ದೂರ ಇದ್ದ ಹಳ್ಳಿಗಳಲ್ಲಿ. ದೂರವೇ ದೊಡ್ಡ ಅಡ್ಡಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಕರ್ನಾಟಕವೂ 2006-07ರಿಂದ ಎಂಟನೇ ತರಗತಿಯವರಿಗೆ ಸೈಕಲ್ಲು ಕೊಟ್ಟಿತು, ಕೋವಿಡ್ ಕಾಲದಲ್ಲಿ ಅದು ನಿಂತಿತು. ಆದರೆ ಗಂಗಾ ಬಯಲಿನ ಸಪಾಟು ರಸ್ತೆ ಬೇರೆ, ಮಲೆನಾಡಿನ ಏರು ಬೇರೆ. ಎರಡನೇ ತರಗತಿಯ ಮಗುವಿಗಂತೂ ಸೈಕಲ್ಲು ಉತ್ತರವಲ್ಲ.

ಈ ಎಲ್ಲದರ ನಡುವೆ ನನಗೆ ಹೆಚ್ಚು ಹಿಡಿಸಿದ್ದು ನಾವಿರುವ ಮಹಾರಾಷ್ಟ್ರದ್ದೇ ಒಂದು ಏರ್ಪಾಡು. ವಿದರ್ಭ, ಮರಾಠವಾಡದ ಕಡೆ ಹೋದವರು ನೀಲಿ ಬಣ್ಣದ ಎಸ್‌ಟಿ ಬಸ್ಸುಗಳನ್ನು ಕಂಡಿರಬಹುದು. ಅವು ಮಾನವ ವಿಕಾಸ ಮಿಷನ್ನಿನವು. ರಾಜ್ಯದ 125 ಹಿಂದುಳಿದ ತಾಲೂಕುಗಳಲ್ಲಿ, ಹೈಸ್ಕೂಲು ಮತ್ತು ಜೂನಿಯರ್ ಕಾಲೇಜಿಗೆ ಹೋಗುವ ಹುಡುಗಿಯರಿಗಾಗಿಯೇ ಈ ಬಸ್ಸುಗಳನ್ನು ಬಿಟ್ಟರು. ಮೊದಲು ತಾಲೂಕಿಗೆ 5, ಆಮೇಲೆ 7. ಹತ್ತಿರದ ಹುಡುಗಿಯರಿಗೆ ಸೈಕಲ್ಲು, ದೂರದವರಿಗೆ ಬಸ್ಸು. ಹಣ ಮಿಷನ್ನಿನದು, ಬಸ್ಸು ಓಡಿಸುವುದು ಎಸ್‌ಟಿ ನಿಗಮ. ಇದರ ಗುಟ್ಟು ಈ ಹಂಚಿಕೆಯಲ್ಲಿದೆ. ಶಾಲೆಯ ಹೆಡ್‌ಮಾಸ್ತರು ಡ್ರೈವರನ್ನು ಹುಡುಕಬೇಕಿಲ್ಲ, ಟೈರು ಕೊಳ್ಳಬೇಕಿಲ್ಲ. ಡಿಪೋ ಇದೆ, ಮೆಕಾನಿಕ್ ಇದ್ದಾನೆ, ಒಂದು ಬಸ್ಸು ಕೆಟ್ಟರೆ ಇನ್ನೊಂದನ್ನು ಕಳಿಸಲು ಸಾಧ್ಯ. ಮುಖ್ಯವಾಗಿ, ಇನ್ನೊಬ್ಬರ ಬಸ್ಸಿನಲ್ಲಿ ಮಕ್ಕಳಿಗೆ ಜಾಗ ಕೊಡಿಸಿದ್ದಲ್ಲ, ಮಕ್ಕಳ ಹೊತ್ತಿಗೇ ಬಸ್ಸು ಬಿಟ್ಟದ್ದು.

ದೋಷವಿಲ್ಲ ಎಂದಲ್ಲ. ತಾಲೂಕೆಂದರೆ ನೂರು ಹಳ್ಳಿ, ಏಳು ಬಸ್ಸು ಎಲ್ಲಿಗೆಂದು ಹೋದಾವು? ನಿಗಮಕ್ಕೆ ನೆಗಡಿಯಾದರೆ ಈ ಬಸ್ಸಿಗೂ ಸೀನು. 2021ರ ಅಕ್ಟೋಬರ್ ಕೊನೆಗೆ ಶುರುವಾದ ಎಸ್‌ಟಿ ನೌಕರರ ಮುಷ್ಕರ 2022ರ ಏಪ್ರಿಲ್‌ವರೆಗೆ ಎಳೆಯಿತು. ಕೋವಿಡ್ ಮುಗಿದು ಶಾಲೆಗಳು ಬಾಗಿಲು ತೆರೆಯುತ್ತಿದ್ದ ಹೊತ್ತು ಅದು. ನೌಕರರ ಬೇಡಿಕೆಯ ನ್ಯಾಯಾನ್ಯಾಯ ಬೇರೆ ಮಾತು. ಹಳ್ಳಿಯ ಮಕ್ಕಳಿಗೆ ಮಾತ್ರ ಶಾಲೆ ತೆರೆದೂ ಮುಚ್ಚಿದಂತಾಯಿತು. ಸಮೂಹ ಶಾಲೆ ಮಾಡಿ ಊರ ಶಾಲೆಗೆ ಬೀಗ ಹಾಕಿದ ಮೇಲೆ ಇಂಥದೊಂದು ಆರು ತಿಂಗಳು ಬಂದರೆ? ಈ ಪ್ರಶ್ನೆಯನ್ನು ನಮ್ಮ ಡೊಂಬಿವಲಿಯ ಕೇಳುಗರಿಗೂ ಬರೆದುಕೊಳ್ಳಲು ಹೇಳಿದೆ.

ಈಗ ಯೋಜನೆ ಹಾಕುವ ರೀತಿ ನೋಡೋಣ. ಇದು ಬಸ್ಸಿನಿಂದ ಶುರುವಾಗಬಾರದು, ಮಕ್ಕಳ ಮನೆಯಿಂದ ಶುರುವಾಗಬೇಕು. ಯಾವ ವಸ್ತಿಯಲ್ಲಿ ಯಾವ ವಯಸ್ಸಿನ ಎಷ್ಟು ಮಕ್ಕಳಿದ್ದಾರೆ, ಮಳೆಗಾಲದಲ್ಲಿ ಯಾವ ಹಳ್ಳ ತುಂಬುತ್ತದೆ, ಯಾವ ರಸ್ತೆಯಲ್ಲಿ ದೊಡ್ಡ ಗಾಡಿ ತಿರುಗುವುದಿಲ್ಲ. ಶಾಲೆಯ ಹಾಜರಿ ಪುಸ್ತಕ ನೋಡಿ ಮಾರ್ಗ ಮಾಡಿದರೆ, ದೂರಕ್ಕೆ ಹೆದರಿ ಶಾಲೆ ಬಿಟ್ಟ ಮಗು ಲೆಕ್ಕಕ್ಕೇ ಬರುವುದಿಲ್ಲ. ಬಸ್ಸು ಬೇಕಾದದ್ದೇ ಆ ಮಗುವಿಗೆ.

ಆಮೇಲೆ ಗಂಟೆ. ನನ್ನ ಲೆಕ್ಕದ ಅದೇ ಬಸ್ಸನ್ನು ತೆಗೆದುಕೊಳ್ಳಿ. ಕೊನೆಯ ಹಳ್ಳಿಯಿಂದ ನಿಂತು ನಿಂತು ಬರಲು 40 ನಿಮಿಷ, ಖಾಲಿ ವಾಪಸಾಗಲು 25 ನಿಮಿಷ. ನಲವತ್ತು ಪ್ರೈಮರಿ ಮಕ್ಕಳು, ನಲವತ್ತು ಹೈಸ್ಕೂಲಿನವರು. ಎರಡೂ ಶಾಲೆ 10 ಗಂಟೆಗೇ ಶುರುವಾದರೆ ಎರಡು ಬಸ್ಸು ಬೇಕು, ಇಲ್ಲವೇ ಅರ್ಧ ಮಕ್ಕಳು ಒಂದು ಗಂಟೆ ಮೊದಲೇ ಬಂದು ಗೇಟಿನ ಹೊರಗೆ ಕಾಯಬೇಕು. ಪ್ರೈಮರಿಯನ್ನು 9ಕ್ಕೆ ಶುರುಮಾಡಿದರೆ? ಬಸ್ಸು 8.10ಕ್ಕೆ ಹೊರಟು 8.50ಕ್ಕೆ ಚಿಕ್ಕವರನ್ನು ಇಳಿಸುತ್ತದೆ, 9.15ಕ್ಕೆ ಮತ್ತೆ ಕೊನೆಯ ಹಳ್ಳಿಯಲ್ಲಿರುತ್ತದೆ, 9.55ಕ್ಕೆ ದೊಡ್ಡವರನ್ನು ತಂದು ಬಿಡುತ್ತದೆ. ಸಂಜೆಯೂ ಹಾಗೆಯೇ. ಡೀಸೆಲ್ ದುಪ್ಪಟ್ಟಾಗುತ್ತದೆ, ಆದರೆ ಡ್ರೈವರು, ಆಯಾ, ವಿಮೆ ಅವೇ. ಒಟ್ಟು 8 ಲಕ್ಷ 60 ಸಾವಿರ, ಮಕ್ಕಳು 80. ತಲೆಗೆ ಹದಿನಾರೂವರೆ ಸಾವಿರ ಇದ್ದದ್ದು ಹತ್ತು ಮುಕ್ಕಾಲು ಸಾವಿರಕ್ಕೆ ಇಳಿಯಿತು. ಶಾಲೆಯ ಗಂಟೆಯನ್ನು ಒಂದು ತಾಸು ಸರಿಸಿದ್ದಕ್ಕೆ ಒಂದು ಬಸ್ಸು ಉಳಿಯಿತು. ಆದರೆ ಸಾರಿಗೆಯವರೂ ಶಿಕ್ಷಣದವರೂ ಒಂದೇ ಮೇಜಿನ ಸುತ್ತ ಕೂತರೆ ಮಾತ್ರ ಇದು ಆಗುವ ಕೆಲಸ.

ಕಂಪ್ಯೂಟರಿಗೆ ಒಪ್ಪಿಸಿದರೆ ಎಲ್ಲ ಸಲೀಸು ಎಂದುಕೊಳ್ಳಬೇಡಿ. ಬಾಸ್ಟನ್ ನಗರದಲ್ಲಿ 2017ರಲ್ಲಿ ಎಂಐಟಿಯ ಸಂಶೋಧಕರು ಬಸ್ ಮಾರ್ಗಗಳನ್ನು ಹೊಸದಾಗಿ ಲೆಕ್ಕ ಹಾಕಿ ಸುಮಾರು 50 ಬಸ್ಸುಗಳನ್ನು ಉಳಿಸಿದರು. ಅದೇ ಲೆಕ್ಕದಿಂದ ಶಾಲೆಗಳ ಗಂಟೆಗಳನ್ನೂ ಬದಲಿಸಲು ಹೊರಟಾಗ, ಕೆಲಸಕ್ಕೆ ಹೋಗುವ ತಾಯ್ತಂದೆಯರು ಸಿಡಿದೆದ್ದು ಆ ಭಾಗವನ್ನು ಕೈಬಿಡಬೇಕಾಯಿತು. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ 2023ರ ಆಗಸ್ಟ್ 9ರಂದು ಶಾಲೆಯ ಮೊದಲ ದಿನ. ಡ್ರೈವರುಗಳ ಕೊರತೆಗೆಂದು ಕಂಪ್ಯೂಟರಿನಿಂದ ಮಾರ್ಗಗಳನ್ನು ಬಿಗಿದು ಹೊಸೆದಿದ್ದರು. ಆ ದಿನ ಕೊನೆಯ ಮಗು ಬಸ್ಸಿನಿಂದ ಇಳಿದಾಗ ರಾತ್ರಿ ಹತ್ತಕ್ಕೆ ಎರಡು ನಿಮಿಷ ಕಡಿಮೆ. ಮರುದಿನದಿಂದ ಶಾಲೆಗಳನ್ನೇ ಮುಚ್ಚಿ, ಮಾರ್ಗ ತಿದ್ದಿಕೊಂಡು, ವಾರದ ಮೇಲೆ ಹಂತಹಂತವಾಗಿ ತೆರೆದರು. ಮಗು ಹತ್ತಲು ಎಷ್ಟು ಹೊತ್ತು ಬೇಕು, ಗುರುತು ಕೇಳಲು ಎಷ್ಟು ಹೊತ್ತು ಬೇಕು ಎಂಬುದು ಹಳೆಯ ಡ್ರೈವರಿಗೆ ಗೊತ್ತಿರುತ್ತದೆ. ಮಾರ್ಗ ಹಾಕುವಾಗ ಅವನನ್ನೂ ಕೂರಿಸಿಕೊಳ್ಳಬೇಕು.

ಸುರಕ್ಷತೆಯ ವಿಷಯದಲ್ಲಿ ದೆಹಲಿಯ ಕೇಳುಗರಿಗೆ ಒಂದು ದಿನಾಂಕ ನೆನಪಿರಬಹುದು. 1997ರ ನವೆಂಬರ್ 18. ನೂರಕ್ಕೂ ಹೆಚ್ಚು ಮಕ್ಕಳನ್ನು ತುಂಬಿಕೊಂಡಿದ್ದ ಬಸ್ಸು ವಜೀರಾಬಾದ್ ಸೇತುವೆಯಿಂದ ಯಮುನೆಗೆ ಬಿತ್ತು. 28 ಮಕ್ಕಳು ತೀರಿಕೊಂಡರು. ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ವರ್ಷವೇ ಶಾಲಾ ಬಸ್ಸುಗಳಿಗೆ ಕಟ್ಟಳೆ ವಿಧಿಸಿತು. ಭಾರೀ ವಾಹನ ಓಡಿಸಿದ ಐದು ವರ್ಷದ ಅನುಭವವಿರುವ ಡ್ರೈವರು, ವೇಗ ನಿಯಂತ್ರಕ, ಕಿಟಕಿಗೆ ಅಡ್ಡ ಸರಳು, ಭದ್ರವಾದ ಚಿಲಕ, ಬೆಂಕಿ ಆರಿಸುವ ಸಾಧನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಜೊತೆಗೊಬ್ಬ ತರಬೇತಾದ ಸಹಾಯಕ. ಇಂದು ನಾವು ಮಾಮೂಲು ಎಂದುಕೊಳ್ಳುವ ಇವೆಲ್ಲ ಅಂದು ಬಂದವು. ಹಳ್ಳಿಯ ಬಸ್ಸೆಂದು ಇವುಗಳಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ. ಖರ್ಚಿನ ಕತ್ತರಿ ಮೊದಲು ಬೀಳುವುದು ಆಯಾ ಮೇಲೆ, ಅದನ್ನು ಮಾತ್ರ ಒಪ್ಪಬೇಡಿ.

ಕೊನೆಗೆ, ನಮಗೆ ಹತ್ತಿರದ ಒಂದು ಎಳೆ. ಹತ್ತಿರದ ಶಾಲೆಯನ್ನು ಅಳೆಯುವ ಆ 1 ಕಿಲೋಮೀಟರ್, 3 ಕಿಲೋಮೀಟರ್ ಲೆಕ್ಕದಲ್ಲಿ ಭಾಷೆಯ ಮಾತಿಲ್ಲ. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಆದರೆ ಕನ್ನಡದ ಮಕ್ಕಳು ಒಂದೇ ವಾರ್ಡಿನಲ್ಲಿ ಇರುವುದಿಲ್ಲ. ಒಬ್ಬ ವಡಾಳಾದಲ್ಲಿ, ಇನ್ನೊಬ್ಬಳು ಘಾಟ್ಕೋಪರದಲ್ಲಿ. ಒಂದು ಕನ್ನಡ ಶಾಲೆ ಮುಚ್ಚಿದರೆ ಮುಂದಿನದು ಎರಡು ರೈಲು ಆಚೆ. ಚಿಕ್ಕ ಮಗುವನ್ನು ಲೋಕಲ್ಲಿಗೆ ಹತ್ತಿಸುವವರು ಯಾರು? ಗಲ್ಲಿಯ ತುದಿಯ ಬೇರೆ ಮಾಧ್ಯಮದ ಶಾಲೆಗೇ ಸೇರಿಸುತ್ತಾರೆ, ಅದು ತಪ್ಪೂ ಅಲ್ಲ. ಕನ್ನಡ ಶಾಲೆಗೆ ಮಕ್ಕಳೇ ಬರುವುದಿಲ್ಲ ಎಂದು ಸಭೆಗಳಲ್ಲಿ ಮರುಗುತ್ತೇವೆ. ಅದಕ್ಕೆ ಇಂಗ್ಲಿಷಿನ ಸೆಳೆತ ಒಂದು ಕಾರಣ ನಿಜ. ಆ ಸಭೆಗಳಲ್ಲಿ ವ್ಯಾನಿನ ಮಾತು ಎತ್ತಿದವರನ್ನು ನಾನು ಹೆಚ್ಚು ಕೇಳಿಲ್ಲ. ಜತ್, ಅಕ್ಕಲಕೋಟ ಕಡೆಯ ಕನ್ನಡ ಶಾಲೆಗಳಿಗೂ ಇದೇ ಕಷ್ಟ. ಚಿಕ್ಕ ಕನ್ನಡ ಶಾಲೆಯನ್ನು ಸಮೂಹ ಶಾಲೆಗೆ ಸೇರಿಸಿದರೆ ಅಲ್ಲಿ ಕನ್ನಡದ ತರಗತಿ, ಕನ್ನಡದ ಮಾಸ್ತರು ಇರುತ್ತಾರೆಯೇ? ಇಲ್ಲದಿದ್ದರೆ ಬಸ್ಸು ಮಗುವನ್ನು ಬೇರೆ ಊರಿಗಷ್ಟೇ ಅಲ್ಲ, ಬೇರೆ ಮಾಧ್ಯಮಕ್ಕೂ ಕರೆದೊಯ್ದ ಹಾಗಾಯಿತು.

ವಾರ ಕಳೆದು ಡೊಂಬಿವಲಿಗೆ ಫೋನು ಮಾಡಿದೆ. ಒಪ್ಪಿ ಎಂದೂ ಬೇಡ ಎಂದೂ ಹೇಳಲಿಲ್ಲ. ಕಾಯ್ದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅಲ್ಲಿ ಬಾಯಿಬಿಟ್ಟು ಕೇಳಿ ಎಂದೆ. ಬಸ್ಸಿನ ಹಣ ಯಾವ ಬಾಬ್ತಿನಿಂದ, ಎಷ್ಟು ವರ್ಷಕ್ಕೆ. ಕೆಟ್ಟು ನಿಂತ ದಿನ ಏನು ಗತಿ. ಬಸ್ಸು ಒಂದು ವರ್ಷ ಸರಿಯಾಗಿ ಓಡುವವರೆಗೆ ಹಳೆಯ ಶಾಲೆಗೆ ಬೀಗ ಹಾಕದೆ ಇಡುತ್ತಾರೆಯೇ. ಕನ್ನಡದ ಮಾಸ್ತರರು ಜೊತೆಗೆ ಬರುತ್ತಾರೆಯೇ.

ಅವರು ಎಲ್ಲವನ್ನೂ ಹೋಟೆಲಿನ ಬಿಲ್ಲಿನ ಹಿಂದೆ ಬರೆದುಕೊಂಡರು. ಮೊನ್ನೆ ಮತ್ತೆ ಫೋನು ಮಾಡಿದ್ದರು. ಸಮಿತಿಯಲ್ಲಿ ಅವರ ಹೆಂಡತಿಯೇ ಸದಸ್ಯೆಯಂತೆ, ಅದು ಅವರಿಗೂ ಆಗಲೇ ಗೊತ್ತಾದದ್ದು. ಆಕೆ ಕೇಳಿದ ಮೊದಲ ಪ್ರಶ್ನೆ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ. ಬಸ್ಸು ಡಾಂಬರು ರಸ್ತೆಯವರೆಗೆ ಬರುತ್ತದೆ ಎನ್ನುತ್ತಾರೆ, ವಸ್ತಿಯಿಂದ ಅಲ್ಲಿಗೆ ಒಂದೂವರೆ ಕಿಲೋಮೀಟರ್, ನಡುವೆ ಹಳ್ಳ, ಅಷ್ಟು ದೂರ ಮಗುವಿನ ಕೈ ಹಿಡಿಯುವವರು ಯಾರು? ಉತ್ತರ ಇನ್ನೂ ಬಂದಿಲ್ಲವಂತೆ. ಮುಂದಿನ ಸಭೆ ದೀಪಾವಳಿ ರಜೆ ಮುಗಿದ ಮೇಲೆ.